ನೋವರಿಯದ ಪಾದಗಳು

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆ. ಬೆಳಗಿನ ಎಂಟು ಗಂಟೆಯ ಹೊತ್ತು. ಸರ್ಕಾರಿ ಸೇವೆಯಿಂದ ನಿವೃತ್ತರಾದ ಯಜಮಾನರು ವಾಯುವಿಹಾರ ಮುಗಿಸಿ ಬಂದು, ಪಾದರಕ್ಷೆಗಳನ್ನು ಹೊಸ್ತಿಲಿನಾಚೆ ಬಿಟ್ಟು, ದಿನಪತ್ರಿಕೆಯನ್ನು ಕೈಯಲ್ಲಿ ಹಿಡಿದು ನಡುಮನೆಯಲ್ಲಿ ಅತ್ತಿತ್ತ ಅಡ್ಡಾಡುತ್ತಿದ್ದರು. ಶಾಲೆಗೆ ಹೊರಟಿದ್ದ ಮೊಮ್ಮಗಳು ನೆಲವನ್ನು ನೋಡಿ ಥಟ್ಟನೆ ನಿಂತಳು. ಬಿಳಿಯ ಮೊಸಾಯಿಕ್ ನೆಲದ ಮೇಲೆ ಬಾಗಿಲಿನಿಂದ ಕಿಟಕಿಯವರೆಗೆ, ಕಿಟಕಿಯಿಂದ ಮತ್ತೆ ಬಾಗಿಲಿನವರೆಗೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಕೆಂಪು ಗುರುತುಗಳು ಮೂಡಿದ್ದವು.

"ತಾತ, ನಿಮ್ಮ ಕಾಲಿಂದ ರಕ್ತ ಬರ್ತಾ ಇದೆ!"

"ಎಲ್ಲೋ ಕುಂಕುಮ ತುಳಿದಿರಬೇಕು ಕಣಮ್ಮ" ಎಂದು ತಾತ ನಕ್ಕರು. ಕುರ್ಚಿಯಲ್ಲಿ ಕುಳಿತು ಬಲಗಾಲನ್ನೆತ್ತಿ ನೋಡಿದಾಗ ಹೆಬ್ಬೆರಳ ಪಕ್ಕದ ಬೆರಳಿನ ಬುಡದಲ್ಲಿ ಆಳವಾದ ಗಾಯ. ಹೊಸ್ತಿಲಿನಾಚೆ ಬಿಟ್ಟಿದ್ದ ಚಪ್ಪಲಿಯ ಅಟ್ಟೆಯಿಂದ ಒಂದು ಮೊಳೆ ಕಾಲಂಗುಲದಷ್ಟು ಮೇಲೆದ್ದು ನಿಂತಿತ್ತು. ಆ ಮೊಳೆಯ ಮೇಲೆ ಅವರು ಮೂರು ಕಿಲೋಮೀಟರು ನಡೆದು ಬಂದಿದ್ದರು.

"ಅಲ್ಲಾ ರೀ, ಇಷ್ಟು ಚುಚ್ಚಿದ್ರೂ ನೋವಾಗಲಿಲ್ವೆ?" ಎಂದು ಪತ್ನಿ ಕೇಳಿದರು.

"ಒಂದಿಷ್ಟೂ ಇಲ್ಲ" ಎಂದರು ಯಜಮಾನರು. ಅವರ ದನಿಯಲ್ಲಿ ಕೊಂಚ ಹೆಮ್ಮೆಯೂ ಇತ್ತು.

ಹದಿನಾಲ್ಕು ವರ್ಷಗಳಿಂದ ಅವರಿಗೆ ಮಧುಮೇಹವಿತ್ತು. ಗಾಯಕ್ಕೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. ನೋವಿಲ್ಲವಾದ್ದರಿಂದ ಮರುದಿನವೂ ವಾಯುವಿಹಾರ ತಪ್ಪಲಿಲ್ಲ, ಅದರ ಮರುದಿನವೂ ತಪ್ಪಲಿಲ್ಲ. ಒಂಬತ್ತನೆಯ ದಿನ ಹಾಸಿಗೆ ಮಡಿಸುತ್ತಿದ್ದ ಪತ್ನಿಯ ಮೂಗಿಗೆ ದುರ್ವಾಸನೆ ಬಡಿಯಿತು. ಆಸ್ಪತ್ರೆಗೆ ಹೋಗುವ ವೇಳೆಗೆ ಬೆರಳು ಕಪ್ಪಾಗಿತ್ತು. ಶಸ್ತ್ರವೈದ್ಯರು ಆ ಒಂದು ಬೆರಳನ್ನು ತೆಗೆದು ಪಾದವನ್ನು ಉಳಿಸಿದರು. ಇನ್ನೊಂದು ವಾರ ತಡೆದು ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ಅವರು ಯಜಮಾನರಿಗೆ ಹೇಳಲಿಲ್ಲ. ಮಗನನ್ನು ಹೊರಗೆ ಕರೆದು, ಮೊಣಕಾಲಿನ ಕೆಳಗೆ ಕೈಯಡ್ಡವಿಟ್ಟು ತೋರಿಸಿದರಂತೆ.

ವಯಸ್ಸನ್ನೂ ಊರನ್ನೂ ಬದಲಿಸಿದರೆ ಇದು ಯಾವ ಮನೆಯ ಕಥೆಯೂ ಆದೀತು. ಚಪ್ಪಲಿಯ ಮೊಳೆಯ ಬದಲು ಬೂಟಿನೊಳಗೆ ಬಿದ್ದ ಮಗುವಿನ ಗೋಲಿ, ಸ್ನಾನದ ಮನೆಯ ಕುದಿನೀರು, ದೇವಸ್ಥಾನದ ಕಾದ ಕಲ್ಲು, ಬ್ಲೇಡಿನಿಂದ ಕೊಯ್ದ ಆಣಿ, ಇವುಗಳಲ್ಲಿ ಯಾವುದಾದರೂ ಒಂದು ಇರುವುದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10 ಕೋಟಿ 10 ಲಕ್ಷ ಮಂದಿಗೆ ಮಧುಮೇಹವಿದೆ. ವಯಸ್ಕರ ಪೈಕಿ ಹಳ್ಳಿಗಳಲ್ಲಿ ನೂರಕ್ಕೆ 8.9 ಮಂದಿಗೆ ಇದ್ದರೆ, ಪಟ್ಟಣಗಳಲ್ಲಿ ನೂರಕ್ಕೆ 16.4 ಮಂದಿಗೆ ಇದೆ. ಅಂದಮೇಲೆ ಪಟ್ಟಣದ ಯಾವ ಬೀದಿಯೂ ಇದಕ್ಕೆ ಹೊರತಲ್ಲ. ಈ ಮನೆಗಳಲ್ಲಿ ಸಕ್ಕರೆಯಿಲ್ಲದ ಕಾಫಿಯ ಮಾತು ದಿನವೂ ನಡೆಯುತ್ತದೆ. ಅನ್ನದ ಅಳತೆಯ ಚರ್ಚೆಯೂ ನಡೆಯುತ್ತದೆ. ಕಾಲಿನ ಮಾತನ್ನು ಎತ್ತುವವರು ಮಾತ್ರ ಕಡಿಮೆ. ಮಧುಮೇಹದಿಂದ ಕಾಲು ಕಳೆದುಕೊಳ್ಳುವವರಲ್ಲಿ ನೂರಕ್ಕೆ ಸುಮಾರು 85 ಮಂದಿಯ ವಿಷಯದಲ್ಲಿ ಎಲ್ಲವೂ ಆರಂಭವಾಗುವುದು ಒಂದು ಸಣ್ಣ ಹುಣ್ಣಿನಿಂದ. ಆ ಹುಣ್ಣನ್ನು ಮನೆಯಲ್ಲಿ ಯಾರಾದರೊಬ್ಬರು ಮೊದಲ ದಿನವೇ ಕಾಣಬಹುದಾಗಿತ್ತು.

ನಾಲೆಯ ಕೊನೆಯ ಗದ್ದೆ

ನೀರು ಸಾಲದೆ ಬಂದ ವರ್ಷ ನಾಲೆಯ ಕೊನೆಯಂಚಿನ ಗದ್ದೆ ಮೊದಲು ಒಣಗುತ್ತದೆಂಬುದನ್ನು ಮಂಡ್ಯದ ರೈತರಿಗೆ ಹೇಳಿಕೊಡಬೇಕಾದುದಿಲ್ಲ. ದೇಹದೊಳಗಿನ ನರಗಳ ಸ್ಥಿತಿಯೂ ಹಾಗೆಯೇ. ಬೆನ್ನುಹುರಿಯ ಬಳಿಯಿಂದ ಹೊರಟು ಕಾಲ್ಬೆರಳ ತುದಿಯನ್ನು ಮುಟ್ಟುವ ನರಗಳೇ ಎಲ್ಲಕ್ಕಿಂತ ಉದ್ದವಾದವು. ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಮಿತಿಮೀರಿ ನಿಂತಾಗ ನರಗಳೂ ಅವುಗಳಿಗೆ ಆಹಾರವೊದಗಿಸುವ ಸೂಕ್ಷ್ಮ ರಕ್ತನಾಳಗಳೂ ಕೆಡುತ್ತವೆ. ಆ ಕೇಡು ಮೊದಲು ಕಾಣಿಸಿಕೊಳ್ಳುವುದು ಅತ್ಯಂತ ದೂರದ ತುದಿಯಲ್ಲಿ, ಎರಡೂ ಕಾಲಿನ ಬೆರಳುಗಳಲ್ಲಿ. ಅಲ್ಲಿಂದ ಅದು ಕಾಲುಚೀಲ ಏರಿಸಿದಂತೆ ನಿಧಾನವಾಗಿ ಮೇಲಕ್ಕೆ ಸಾಗುತ್ತದೆ.

ಕೆಲವರಿಗೆ ಇದು ಸದ್ದು ಮಾಡಿಕೊಂಡೇ ಬರುತ್ತದೆ. ರಾತ್ರಿ ಮಲಗಿದೊಡನೆ ಅಂಗಾಲು ಉರಿಯುತ್ತದೆ, ಇರುವೆ ಹರಿದಂತಾಗುತ್ತದೆ, ಜೋಮು ಹಿಡಿಯುತ್ತದೆ, ನಡೆದರೆ ಹತ್ತಿಯ ಮೇಲೆ ಕಾಲಿಟ್ಟ ಅನುಭವ. ಇವರು ಒಂದು ರೀತಿಯಲ್ಲಿ ಅದೃಷ್ಟವಂತರೆನ್ನಬೇಕು, ಏಕೆಂದರೆ ಉರಿ ತಾಳಲಾರದೆ ವೈದ್ಯರಲ್ಲಿಗೆ ಹೋಗುತ್ತಾರೆ. ಮತ್ತೆ ಕೆಲವರಿಗೆ ಯಾವ ಸೂಚನೆಯೂ ಇರುವುದಿಲ್ಲ. ನಡೆಯುತ್ತಿರುವಾಗ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದರೂ ತಿಳಿಯದೆ ಹತ್ತು ಮಾರು ಮುಂದೆ ಹೋಗಿ, ದಾರಿಹೋಕರು ಕೂಗಿದಾಗ ಹಿಂದಿರುಗಿ ನೋಡುವವರುಂಟು. ಮನೆಯವರು ಅದನ್ನು ವಯಸ್ಸಿನ ಮರೆವೆಂದು ತಿಳಿದು ನಗುತ್ತಾರೆ. ಅದು ಮರೆವಲ್ಲ.

ನರ ಕೆಟ್ಟಾಗ ನೋವಷ್ಟೇ ಹೋಗುವುದಿಲ್ಲ, ಬೆವರೂ ನಿಲ್ಲುತ್ತದೆ. ಆಗ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಬಿರುಕು ನಂಜಿಗೆ ಬಾಗಿಲಾಗುತ್ತದೆ. ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ. ಮೈಭಾರವೆಲ್ಲ ಒಂದೆರಡು ಕಡೆ ಬಿದ್ದು ಅಲ್ಲಿ ಚರ್ಮ ಗಟ್ಟಿಯಾಗುತ್ತದೆ, ಗಟ್ಟಿಯಾದ ಚರ್ಮದ ಅಡಿಯಲ್ಲಿ ಹುಣ್ಣು ಗುಟ್ಟಾಗಿ ಬೆಳೆಯುತ್ತದೆ. ಇದರ ಮೇಲೆ ದೊಡ್ಡ ರಕ್ತನಾಳಗಳೂ ಕಿರಿದಾಗಿದ್ದರೆ ಗಾಯ ಮಾಯಲು ಬೇಕಾದ ರಕ್ತ ಪಾದವನ್ನು ತಲುಪುವುದೇ ಇಲ್ಲ. ಬೀಡಿ ಸಿಗರೇಟು ಸೇದುವವರು ಈ ಕಿರಿದಾಗುವ ಕೆಲಸಕ್ಕೆ ತಾವೇ ಕೂಲಿ ಕೊಟ್ಟು ಆಳಿಟ್ಟಂತೆ.

ವೆಲ್ಲೂರಿನಿಂದ ಬಂದ ತಿಳಿವು

ನೋವಿಲ್ಲದಿರುವುದೇ ರೋಗವೆಂಬ ಈ ವಿಚಿತ್ರ ಸತ್ಯ ಜಗತ್ತಿಗೆ ಮನವರಿಕೆಯಾದುದು ದಕ್ಷಿಣ ಭಾರತದಲ್ಲಿ. ಅದೂ ಮಧುಮೇಹಿಗಳಿಂದಲ್ಲ, ಕುಷ್ಠರೋಗಿಗಳಿಂದ.

ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿದ ಪಾಲ್ ಬ್ರ್ಯಾಂಡ್ ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗದಲ್ಲಿ ಮಾಂಸವೇ ಕೊಳೆತು ಬೆರಳುಗಳು ತಾವಾಗಿ ಉದುರುತ್ತವೆಂದು ಆಗ ವೈದ್ಯರೂ ನಂಬಿದ್ದರು. ಬ್ರ್ಯಾಂಡ್ ದಿನಗಟ್ಟಲೆ ರೋಗಿಗಳ ಕೈಕಾಲುಗಳನ್ನು ಕಾದು ನೋಡಿದರು. ಬೆರಳು ಕೊಳೆಯುತ್ತಿರಲಿಲ್ಲ, ಪೆಟ್ಟಾಗುತ್ತಿತ್ತು. ಬಿಸಿ ಪಾತ್ರೆಯನ್ನು ಬರಿಗೈಯಿಂದ ಇಳಿಸುವುದು, ಮೊಳೆಯ ಮೇಲೆ ನಡೆಯುವುದು, ಹುಣ್ಣಾದ ಕಾಲಿನ ಮೇಲೆ ಕುಂಟದೆ ಓಡುವುದು. ನೋವಿದ್ದವನು ಕುಂಟುತ್ತಾನೆ, ಕುಂಟುವುದರಿಂದ ಗಾಯಕ್ಕೆ ವಿಶ್ರಾಂತಿ ದೊರೆಯುತ್ತದೆ, ನೋವಿಲ್ಲದವನು ಕುಂಟುವುದಿಲ್ಲ. ಒಂದು ಪ್ರಸಂಗವನ್ನು ಬ್ರ್ಯಾಂಡ್ ಅವರೇ ಬರೆದಿದ್ದಾರೆ. ಕೆಲವು ರೋಗಿಗಳ ಬೆರಳಿನ ತುಣುಕುಗಳು ರಾತ್ರಿ ಕಳೆದು ಬೆಳಗಾಗುವುದರೊಳಗೆ ಕಾಣೆಯಾಗುತ್ತಿದ್ದವು. ಕಾವಲಿದ್ದು ನೋಡಿದಾಗ ಇಲಿಗಳು ಬಂದು ಕಡಿಯುತ್ತಿದ್ದುದು ತಿಳಿಯಿತು; ಮಲಗಿದವನಿಗೆ ಎಚ್ಚರವೇ ಇಲ್ಲ. ಅಂದಿನಿಂದ ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರಂತೆ.

1960ರ ದಶಕದಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಮಧುಮೇಹಿಗಳ ಪಾದಗಳನ್ನು ಕಂಡಾಗ ವೆಲ್ಲೂರಿನ ಅದೇ ಹುಣ್ಣುಗಳು ಅದೇ ಜಾಗಗಳಲ್ಲಿ ಕಾಣಿಸಿದವು. ಕುಷ್ಠರೋಗಿಗೆ ಕಟ್ಟುತ್ತಿದ್ದ ಪ್ಲಾಸ್ಟರು ಮಧುಮೇಹಿಯ ಕಾಲಿಗೂ ಬಂತು. ಪಾದಕ್ಕೆ ಅಂಟಿದಂತೆ ಕಟ್ಟುವ ಆ ಪ್ಲಾಸ್ಟರು ಮೈಭಾರವನ್ನು ಅಂಗಾಲಿನ ಅಗಲಕ್ಕೂ ಹಂಚಿ ಹುಣ್ಣಿಗೆ ಬಿಡುವು ಕೊಡುತ್ತದೆ. ಸಣ್ಣ ಸಣ್ಣ ಗಾಳಿಗೂಡುಗಳಿರುವ ಮೆತ್ತನೆಯ ರಬ್ಬರಿನ ಅಟ್ಟೆಯನ್ನು ಮರಗಟ್ಟಿದ ಪಾದಗಳಿಗೆ ಅಳವಡಿಸಿದುದೂ ವೆಲ್ಲೂರಿನ ಕಡೆಯ ಕುಷ್ಠರೋಗ ಚಿಕಿತ್ಸಾಲಯಗಳಲ್ಲೇ. ಈಗ ಮಧುಮೇಹಿಗಳಿಗಾಗಿ ಮಾರುವ ಎಂ.ಸಿ.ಆರ್. ಚಪ್ಪಲಿಯ ಅಟ್ಟೆ ಅದೇ. ಬ್ರ್ಯಾಂಡ್ 1993ರಲ್ಲಿ ಫಿಲಿಪ್ ಯಾನ್ಸಿಯವರೊಡನೆ ಬರೆದ ಗ್ರಂಥದ ಹೆಸರು, ನೋವೆಂಬುದು ಯಾರಿಗೂ ಬೇಡದ ಕೊಡುಗೆ ಎಂಬ ಅರ್ಥದ್ದು. ಅವರು 2003ರಲ್ಲಿ ತೀರಿಕೊಂಡರು.

ಮಧುಮೇಹಿಯ ಕಾಲಿನ ಚಿಂತೆ ಅದಕ್ಕೂ ಹಿಂದೆಯೇ ಮೊದಲಾಗಿತ್ತು. 1922ರ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊಟ್ಟಮೊದಲು ಇನ್ಸುಲಿನ್ ಚುಚ್ಚಲಾಯಿತು. ಅದುವರೆಗೆ ಪ್ರಜ್ಞೆ ತಪ್ಪಿ ಸಾಯುತ್ತಿದ್ದವರು ಬದುಕತೊಡಗಿದರು. ಬದುಕಿದವರು ಕಾಲಿನ ಕೊಳೆತಕ್ಕೆ ಗುರಿಯಾಗತೊಡಗಿದರು. ಬಾಸ್ಟನ್ನಿನ ಪ್ರಸಿದ್ಧ ಮಧುಮೇಹ ವೈದ್ಯ ಎಲಿಯಟ್ ಜೋಸ್ಲಿನ್ 1934ರಲ್ಲಿಯೇ ಈ ಅಪಾಯವನ್ನು ಕುರಿತು ಲೇಖನ ಬರೆದು, ಇದು ದೈವದ ಶಾಪವಲ್ಲ, ಮನುಷ್ಯನ ಅಜಾಗ್ರತೆಯ ಫಲವೆಂದು ವಾದಿಸಿದರು.

ನಮ್ಮ ಪ್ರಾಚೀನರ ಮಾತೂ ಒಂದುಂಟು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ಪ್ರಮೇಹ ರೋಗಿಗೆ ನಡಿಗೆಯನ್ನು ವಿಧಿಸುತ್ತದೆ. ಬಡವನಾದವನು ಭಿಕ್ಷೆಯುಂಡು, ಹಳ್ಳಿಗೊಂದು ರಾತ್ರಿ ತಂಗುತ್ತ, ನೂರು ಯೋಜನ ನಡೆಯಲೆನ್ನುತ್ತದೆ. ನಡಿಗೆಯ ಗುಣವನ್ನು ಅಷ್ಟು ಹಿಂದೆಯೇ ಕಂಡದ್ದು ಬೆರಗಿನ ಮಾತು. ಆದರೆ ಛತ್ರಿಯೂ ಪಾದರಕ್ಷೆಯೂ ಇಲ್ಲದೆ ನಡೆಯಬೇಕೆಂದು ಅಲ್ಲಿ ಸೇರಿಸಿದೆ. ಇಂದಿನ ಮಧುಮೇಹಿ ಆಚಾರ್ಯರ ಮೊದಲರ್ಧವನ್ನು ಶಿರಸಾವಹಿಸಿ, ಉಳಿದರ್ಧವನ್ನು ವಿನಯದಿಂದ ಬದಿಗಿಡಬೇಕಾದೀತು.

ಹೊಸ್ತಿಲಿನ ತಗಾದೆ

ಮೈಸೂರಿನ ಆ ಮನೆಗೆ ಹಿಂದಿರುಗೋಣ. ಗಾಯ ಮಾಯ್ದು ಮನೆಗೆ ಕಳುಹಿಸುವಾಗ ವೈದ್ಯರು ಹೇಳಿದ ಮಾತುಗಳಲ್ಲಿ ಒಂದು, ಮದ್ದುಗಳೆಲ್ಲಕ್ಕಿಂತ ಕಹಿಯಾಗಿ ಪರಿಣಮಿಸಿತು: "ಇನ್ನು ಮೇಲೆ ಬರಿಗಾಲಿನಲ್ಲಿ ಒಂದು ಹೆಜ್ಜೆಯನ್ನೂ ಇಡಕೂಡದು, ಮನೆಯೊಳಗೂ ಸಹ."

ಮನೆಯೊಳಗೆ ಚಪ್ಪಲಿ! ನಲವತ್ತೈದು ವರ್ಷಗಳ ಸಂಸಾರದಲ್ಲಿ ಆ ಹೊಸ್ತಿಲನ್ನು ಚಪ್ಪಲಿ ದಾಟಿರಲಿಲ್ಲ. ಮಡಿ, ಪೂಜೆ, ಹಬ್ಬ ಹರಿದಿನಗಳ ಮನೆ. "ಆಸ್ಪತ್ರೆಯಲ್ಲಿ ಏನಾದ್ರೂ ಹೇಳಲಿ, ನನ್ನ ಅಡಿಗೆಮನೇಲಿ ಚಪ್ಪಲಿ ಸದ್ದು ಕೇಳಬಾರದು" ಎಂದು ಯಜಮಾನತಿ ಖಂಡಿತವಾಗಿ ನುಡಿದರು. ಯಜಮಾನರಿಗೂ ಅದೇ ಸರಿಯೆನಿಸಿತು. ಎರಡು ದಿನ ಅವರು ಬರಿಗಾಲಿನಲ್ಲೇ ಓಡಾಡಿದರು.

ದಾರಿ ಕಂಡವರು ಸೊಸೆ. "ಅತ್ತೆ, ಮಡಿಗೆ ಬೇರೆ ಸೀರೆ ಇಟ್ಟುಕೊಂಡಿದ್ದೀರಲ್ಲ, ಮಾವನವರ ಕಾಲಿಗೂ ಒಂದು ಮಡಿ ಮಾಡೋಣ. ಅಂಗಡಿಯಿಂದ ಬಂದದ್ದು ನೇರವಾಗಿ ಒಳಗೇ ಇರಲಿ, ಬೀದಿಯ ಮಣ್ಣೇ ಮುಟ್ಟದಿರಲಿ."

ಅತ್ತೆಯವರು ಒಂದು ರಾತ್ರಿ ಯೋಚಿಸಿ ಮೂರು ಷರತ್ತು ವಿಧಿಸಿದರು: ಚರ್ಮದ್ದಾಗಿರಬಾರದು, ದಿನವೂ ತೊಳೆಯಬೇಕು, ದೇವರ ಮನೆಯ ಹೊಸ್ತಿಲು ದಾಟಬಾರದು. ಹೀಗೆ ಮೆತ್ತನೆಯ ಅಟ್ಟೆಯ, ಹಿಮ್ಮಡಿಗೆ ಪಟ್ಟಿಯಿರುವ ಒಂದು ಜೊತೆ ಮನೆಯೊಳಕ್ಕೆ ಬಂತು. ದೇವರ ಮನೆಯಲ್ಲಿ ಒಗೆದ ಬಿಳಿಯ ಹತ್ತಿ ಕಾಲುಚೀಲ. ವೈದ್ಯಗ್ರಂಥಗಳಲ್ಲಿ ಇಂಥ ಸಂಧಾನಗಳ ಪ್ರಸ್ತಾಪವಿರುವುದಿಲ್ಲ. ಆದರೆ ಅನೇಕ ಮನೆಗಳಲ್ಲಿ ಕಾಲು ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಇಂಥ ಮಾತುಕತೆಗಳಲ್ಲಿ.

ಬೆರಳುಗಳ ನಡುವೆ ಪಟ್ಟಿಯಿರುವ ಹವಾಯಿ ಚಪ್ಪಲಿ ಇಂಥವರಿಗೆ ಹೊಂದದು. ಪಟ್ಟಿ ಉಜ್ಜಿ ಸಂದಿನಲ್ಲಿ ಹುಣ್ಣಾಗುವುದಲ್ಲದೆ ಜಾರಿಬಿದ್ದರೂ ತಿಳಿಯುವುದಿಲ್ಲ. ಹೊಸ ಪಾದರಕ್ಷೆಯನ್ನು ಸಂಜೆಯ ಹೊತ್ತು ಕೊಳ್ಳುವುದು ಲೇಸು, ಏಕೆಂದರೆ ದಿನವೆಲ್ಲ ಓಡಾಡಿದ ಪಾದ ಸಂಜೆಗೆ ಕೊಂಚ ಊದಿರುತ್ತದೆ. ಹಾಕಿಕೊಂಡರೆ ಸಡಿಲವಾಗುತ್ತದೆಂಬ ಅಂಗಡಿಯವನ ಮಾತನ್ನು ಆರೋಗ್ಯವಂತರು ನಂಬಬಹುದು; ಮರಗಟ್ಟಿದ ಪಾದದಲ್ಲಿ ಚಪ್ಪಲಿ ಸಡಿಲವಾಗುವ ಮೊದಲೇ ಚರ್ಮ ಹರಿಯುತ್ತದೆ. ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ, ಹೀಗೆ ಮೆಟ್ಟಿ ಅಭ್ಯಾಸ ಮಾಡಬೇಕು. ಪ್ರತಿ ಸಲವೂ ಬಿಚ್ಚಿದ ಮೇಲೆ ಪಾದ ಕೆಂಪಗಾಗಿದೆಯೇ ಎಂದು ನೋಡಬೇಕು. ಯಾವುದನ್ನೇ ಆಗಲಿ ಕಾಲಿಗೆ ಏರಿಸುವ ಮುನ್ನ ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು. ಮೈಸೂರಿನ ಯಜಮಾನರು ಈ ಒಂದು ಅಭ್ಯಾಸವನ್ನು ಹದಿನಾಲ್ಕು ವರ್ಷ ಮೊದಲೇ ಮಾಡಿಕೊಂಡಿದ್ದರೆ ಹತ್ತು ಬೆರಳುಗಳೂ ಉಳಿಯುತ್ತಿದ್ದವು.

ಸ್ನಾನದ ಮನೆಯಿಂದ ದೇವಸ್ಥಾನದವರೆಗೆ

ಪಾದಕ್ಕೆ ಬಿಸಿ ತಿಳಿಯದು. ಆದ್ದರಿಂದ ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಬೇಕು, ಇಲ್ಲವೇ ಮನೆಯಲ್ಲಿ ಮತ್ತೊಬ್ಬರು ನೋಡಿ ಹೇಳಬೇಕು. ಉರಿಯುವ ಅಂಗಾಲಿಗೆ ಹಿತವೆಂದು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂರುವುದು, ಬಿಸಿನೀರಿನ ಚೀಲವನ್ನು ಪಾದದಡಿ ಇಟ್ಟು ಮಲಗುವುದು, ಚಳಿಗೆ ಕೆಂಡದ ಬಳಿ ಕಾಲು ಚಾಚುವುದು, ಇವು ಮೂರೂ ಬೇಡ. ಹೊತ್ತುಗಟ್ಟಲೆ ನೀರಿನಲ್ಲಿ ನೆನೆದ ಚರ್ಮ ಮೆತ್ತಗಾಗಿ ಬಿರಿಯುತ್ತದೆ. ತೊಳೆದ ಮೇಲೆ ಬೆರಳ ಸಂದುಗಳನ್ನು ಮೆತ್ತನೆಯ ಬಟ್ಟೆಯಿಂದ ಒಂದೊಂದಾಗಿ ಒರೆಸಬೇಕು. ಅಂಗಾಲಿಗೂ ಹಿಮ್ಮಡಿಗೂ ಕೊಬ್ಬರಿ ಎಣ್ಣೆ ಸವರಿದರೆ ಬಿರುಕು ಬಿಡದು; ಸಂದುಗಳಿಗೆ ಎಣ್ಣೆ ಹಚ್ಚಬಾರದು, ತೇವ ನಿಂತ ಸಂದಿನಲ್ಲಿ ಹುಳುಕು ಬೆಳೆಯುತ್ತದೆ.

ಉಗುರನ್ನು ನೇರವಾಗಿ ಕತ್ತರಿಸಬೇಕೇ ಹೊರತು ಮೂಲೆಗಳನ್ನು ಕೆತ್ತಬಾರದು. ಕಣ್ಣು ಮಂದವಾದವರು ತಾವೇ ಕತ್ತರಿಸಿಕೊಳ್ಳುವ ಹಟವನ್ನು ಬಿಡಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದಂತೂ ಕಾಲನ್ನು ಪಣಕ್ಕೊಡ್ಡಿದಂತೆಯೇ ಸರಿ. ಔಷಧದಂಗಡಿಯಲ್ಲಿ ಸಿಗುವ ಆಣಿಪಟ್ಟಿಯಲ್ಲಿ ಆಮ್ಲವಿರುತ್ತದೆ, ಅದು ಆಣಿಯನ್ನಷ್ಟೇ ಸುಟ್ಟು ಸುಮ್ಮನಾಗುವುದಿಲ್ಲ. ಹೆಂಗಸರ ಕಾಲುಂಗುರದ ಕಡೆಗೂ ಗಮನವಿರಬೇಕು. ಮದುವೆಯ ದಿನ ತೊಡಿಸಿದ ಉಂಗುರ ಮೂವತ್ತು ವರ್ಷಗಳಲ್ಲಿ ಬಿಗಿಯಾಗಿರುತ್ತದೆ, ಅದರಡಿಯ ಗಾಯ ಕಣ್ಣಿಗೆ ಬೀಳುವುದಿಲ್ಲ. ತೆಗೆಯಲು ಮನಸ್ಸೊಪ್ಪದಿದ್ದರೆ ಅಕ್ಕಸಾಲಿಗನಲ್ಲಿ ಸಡಿಲ ಮಾಡಿಸಿಕೊಳ್ಳಬಹುದು.

ಅತ್ಯಂತ ಸೂಕ್ಷ್ಮವಾದ ವಿಷಯ ದೇವಸ್ಥಾನದ್ದು. ಏಪ್ರಿಲ್ ತಿಂಗಳ ಮಧ್ಯಾಹ್ನ ಕಲ್ಲುಹಾಸಿನ ಪ್ರಾಕಾರದಲ್ಲಿ ಬೇರೆಯವರು ಹಾರಿ ಹಾರಿ ನೆರಳಿಗೆ ಓಡುವಾಗ, ಪಾದದ ಅರಿವು ಕಳೆದುಕೊಂಡವರು ಮಾತ್ರ ಶಾಂತವಾಗಿ ಪ್ರದಕ್ಷಿಣೆ ಮುಗಿಸುತ್ತಾರೆ. ನೋಡಿದವರು ಭಕ್ತಿಯ ಮಹಿಮೆಯೆನ್ನುತ್ತಾರೆ. ರಾತ್ರಿ ಅಂಗಾಲಿನ ತುಂಬ ನೀರುಗುಳ್ಳೆ ಎದ್ದಿರುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಪಾದರಕ್ಷೆಯಿಲ್ಲದೆ ಏರಬೇಕು. ಶಿವರಾತ್ರಿಗೆ ಧರ್ಮಸ್ಥಳಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ಕಾಲ್ನಡಿಗೆಯಲ್ಲಿ ಹೋಗುವವರು ಸಾವಿರಾರು. ಅವರಲ್ಲಿ ಬರಿಗಾಲಿನ ಹರಕೆ ಹೊತ್ತವರೂ ಇರುತ್ತಾರೆ. ಹೋಗಬಾರದೆಂದು ಹೇಳುವುದು ಯಾರ ಕೆಲಸವೂ ಅಲ್ಲ. ಬಿಸಿಲೇರುವ ಮುನ್ನ ಬೆಳಗಿನ ದರ್ಶನಕ್ಕೆ ಹೋಗಬಹುದು, ದಪ್ಪ ಹತ್ತಿಯ ಕಾಲುಚೀಲ ಧರಿಸಬಹುದು, ಹರಕೆಯ ರೂಪವನ್ನು ಬದಲಿಸಿಕೊಳ್ಳಬಹುದು. ತುಲಾಭಾರವೋ ಅನ್ನದಾನವೋ ಆದರೆ ಪಾದಕ್ಕೇನೂ ಅಪಾಯವಿಲ್ಲ.

ರಾತ್ರಿಯ ಐದು ನಿಮಿಷ

ಇಷ್ಟೆಲ್ಲ ಮಾಡಿದರೂ ದಿನಕ್ಕೊಮ್ಮೆ ನೋಡದಿದ್ದರೆ ವ್ಯರ್ಥ. ನೋವು ಮಾಡಬೇಕಾಗಿದ್ದ ಕಾವಲನ್ನು ಕಣ್ಣು ಮಾಡಬೇಕು. ರಾತ್ರಿ ಮಲಗುವ ಮುನ್ನ ಒಳ್ಳೆಯ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಎಲ್ಲ ಸಂದುಗಳು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ಅದರ ಮೇಲೆ ಪಾದ ಹಿಡಿದು ನೋಡಬಹುದು. ಸಕ್ಕರೆ ಕಾಯಿಲೆ ಕಣ್ಣನ್ನೂ ಮಂದಮಾಡುವುದರಿಂದ ಎರಡನೆಯ ಜೊತೆ ಕಣ್ಣುಗಳಿದ್ದರೆ ಮತ್ತೂ ಮೇಲು. ಹಾಗೆಯೇ ಎರಡೂ ಪಾದಗಳ ಒಂದೇ ಜಾಗವನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ಹೋಲಿಸಬೇಕು. ಒಂದು ಪಾದ ಮತ್ತೊಂದಕ್ಕಿಂತ 2.2 ಸೆಲ್ಸಿಯಸ್ ಡಿಗ್ರಿಯಷ್ಟು ಬಿಸಿಯಿದ್ದರೆ ಒಳಗೆ ಹುಣ್ಣು ಹುಟ್ಟುತ್ತಿರಬಹುದೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಅಳೆಯಲು ಉಪಕರಣವುಂಟು, ಇಲ್ಲದವರಿಗೆ ಕೈಯೇ ಸಾಕಷ್ಟು ಹೇಳುತ್ತದೆ.

ನೋವಿಲ್ಲದೆಯೇ ಒಂದು ಪಾದ ಊದಿ ಬಿಸಿಯಾಗಿ ಕೆಂಪಗಾದರೆ ಉಳುಕೆಂದು ತಿಳಿದು ಎಣ್ಣೆ ತಿಕ್ಕಿಸಬಾರದು. ಒಳಗಿನ ಮೂಳೆಗಳೇ ಸದ್ದಿಲ್ಲದೆ ಮುರಿಯುತ್ತಿರುವ ಸಂಭವವುಂಟು. ಆ ಕಾಲನ್ನು ನೆಲಕ್ಕೂರದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಹಾಗೆಯೇ ಗುಳ್ಳೆ, ಕೀವು, ಕಪ್ಪು ಕಲೆ, ದುರ್ವಾಸನೆ, ಜ್ವರ. ಗಾಯ ಕಂಡ ದಿನ ಶುದ್ಧ ನೀರಿನಿಂದ ತೊಳೆದು, ಚೊಕ್ಕ ಬಟ್ಟೆಯಿಂದ ಮುಚ್ಚಿ ವೈದ್ಯರಿಗೆ ತೋರಿಸಿದರೆ ಸಾಕು. ಅರಿಶಿನ, ಕಾಫಿಪುಡಿಗಳು ಅಡಿಗೆಮನೆಯಲ್ಲಿಯೇ ಇರಲಿ.

ಇವೆಲ್ಲದರ ಬೇರಿರುವುದು ರಕ್ತದಲ್ಲಿ. ಇನ್ಸುಲಿನ್ನನ್ನೇ ನಂಬಿರುವ ತರುಣ ರೋಗಿಗಳಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ನರಗಳ ಕೇಡು ನೂರಕ್ಕೆ ಸುಮಾರು 60ರಷ್ಟು ಕಡಿಮೆಯಾಗುವುದೆಂದು ಅಮೆರಿಕದಲ್ಲೂ ಕೆನಡಾದಲ್ಲೂ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ತಿಳಿಯಿತು. ನಡುವಯಸ್ಸಿನಲ್ಲಿ ಬರುವ ಮಧುಮೇಹದಲ್ಲಿ ಲಾಭ ಇಷ್ಟು ಎದ್ದು ಕಾಣದಿದ್ದರೂ ಇಲ್ಲದಿಲ್ಲ. ಸಾಮಾನ್ಯವಾಗಿ ಬರಿಹೊಟ್ಟೆಯಲ್ಲಿ 80ರಿಂದ 130, ಊಟವಾದ ಎರಡು ಗಂಟೆಗೆ 180ರ ಒಳಗೆ ಇರಬೇಕೆನ್ನುವರು; ವಯೋವೃದ್ಧರಿಗೆ ವೈದ್ಯರು ಇದನ್ನು ಸಡಿಲಿಸುವುದುಂಟು. ಬೆರಳು ಚುಚ್ಚಿ ಒಂದು ಹನಿ ರಕ್ತದಿಂದ ಮನೆಯಲ್ಲೇ ಅಳೆಯುವ ಯಂತ್ರ ಈಗ ದುರ್ಲಭವಲ್ಲ. ಅನ್ನ ಬಿಟ್ಟು ಮುದ್ದೆಯನ್ನು ಎಷ್ಟಾದರೂ ತಿನ್ನಬಹುದೆಂಬ ನಂಬಿಕೆಯೊಂದಿದೆ. ರಾಗಿಯೂ ಪಿಷ್ಟವೇ, ಅದಕ್ಕೂ ಅಳತೆ ಬೇಕೆಂಬುದನ್ನು ಯಂತ್ರವೇ ತೋರಿಸಿಕೊಡುತ್ತದೆ. ಮದ್ದಿನಿಂದ ಸಕ್ಕರೆ ತೀರ ಇಳಿಯುವುದೂ ಉಂಟು. ನಡೆಯುವಾಗ ಬೆವರು, ನಡುಕ, ಕಣ್ಣುಕತ್ತಲೆ ಬಂದರೆ ಮೂರು ಚಿಕ್ಕ ಚಮಚದಷ್ಟು ಸಕ್ಕರೆ ತಿಂದು ಕಾಲು ಗಂಟೆ ಕುಳಿತು ಮತ್ತೆ ಅಳೆಯಬೇಕು. ಆದ್ದರಿಂದ ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಬೇಕು. ಇನ್ನೊಂದು ಮಾತು ಸಸ್ಯಾಹಾರಿಗಳಿಗೆ: ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿ, ಅದರಿಂದಲೂ ಕಾಲು ಜೋಮು ಹಿಡಿಯಬಹುದು. ಇದನ್ನು ರಕ್ತಪರೀಕ್ಷೆಯಿಂದ ತಿಳಿದು ಸರಿಪಡಿಸಬಹುದು.

ಆರು ಬೆರಳು

ಕಾಲಿನ ಅರಿವು ಎಷ್ಟಿದೆಯೆಂಬುದನ್ನು ತಿಳಿಯಲು ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಪಾದಕ್ಕೆ ಒತ್ತಿ ನೋಡುತ್ತಾರೆ. ಅದೂ ಇಲ್ಲದ ಕಡೆ ಮನೆಯವರೇ ಮಾಡಬಹುದಾದ ಪರೀಕ್ಷೆಯೊಂದನ್ನು ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು 2011ರಲ್ಲಿ ಪ್ರಕಟಿಸಿದರು. ಉಪಕರಣ ಬೇಕಿಲ್ಲ, ತೋರುಬೆರಳೊಂದಿದ್ದರೆ ಸಾಕು. ರೋಗಿ ಕಣ್ಣು ಮುಚ್ಚಿ ಮಲಗಬೇಕು. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಕ್ಷಣ ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಕಚಗುಳಿಯಿಡಬಾರದು. ಮುಟ್ಟಿದಾಗಲೆಲ್ಲ ರೋಗಿ 'ಬಲ' ಅಥವಾ 'ಎಡ' ಎನ್ನಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಿಳಿಯದೆ ಹೋದರೆ ಪಾದದ ಅರಿವು ಕುಂದಿದೆಯೆಂದು ಅರ್ಥ.

ಮೈಸೂರಿನ ಯಜಮಾನರಿಗೆ ಈ ಪರೀಕ್ಷೆಯಿಂದ ಹೊಸದಾಗಿ ತಿಳಿಯಬೇಕಾದುದೇನೂ ಇಲ್ಲ. ಅವರ ಪಾದವನ್ನು ಪ್ರತಿ ರಾತ್ರಿ ಪತ್ನಿಯೇ ನೋಡುತ್ತಾರೆ. ಕಂಡದ್ದನ್ನು ಹಾಲಿನವನ ಲೆಕ್ಕ ಬರೆಯುವ ಪಂಚಾಂಗದಲ್ಲಿಯೇ ಗುರುತು ಹಾಕುತ್ತಾರೆ. ಆದರೆ ಕಳೆದ ವರ್ಷ ಅವರ ಮಗನಿಗೂ ಮಧುಮೇಹವಿರುವುದು ಕಚೇರಿಯ ಆರೋಗ್ಯ ತಪಾಸಣೆಯಲ್ಲಿ ತಿಳಿದುಬಂತು. ವಯಸ್ಸು ನಲವತ್ತೆರಡು. ಎಷ್ಟು ವರ್ಷಗಳಿಂದ ಅದು ಒಳಗೇ ಇತ್ತೋ ಯಾರೂ ಅರಿಯರು. "ನನಗೇನೂ ತೊಂದರೆಯಿಲ್ಲ, ಕಾಲು ಚೆನ್ನಾಗೇ ಇದೆ" ಎಂದು ಆತ ಮುಂದೂಡುತ್ತಲೇ ಬಂದಿದ್ದರು.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗಳು ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿ, "ಕಣ್ಣು ಮುಚ್ಚಿಕೊ ಅಪ್ಪ, ಕದ್ದು ನೋಡಬಾರದು" ಎಂದು ಒಪ್ಪಂದ ಮಾಡಿಕೊಂಡು ಬೆರಳು ಮುಟ್ಟತೊಡಗಿದಳು. ತಾತ ಪತ್ರಿಕೆ ಮಡಿಸಿಟ್ಟು ನೋಡುತ್ತಿದ್ದರು.

"ಬಲ."

ಎರಡನೆಯ ಬಾರಿ ಮಾತಿಲ್ಲ. ಹುಡುಗಿ ಕಾದಳು.

"ಎಡ" ಎಂದರು ಮೂರನೆಯ ಬಾರಿ. ನಾಲ್ಕನೆಯದಕ್ಕೆ ಮತ್ತೆ ಮಾತಿಲ್ಲ. ಐದಕ್ಕೂ ಆರಕ್ಕೂ ಉತ್ತರ ಸರಿಯಾಗಿ ಬಂತು.

"ಯಾಕಮ್ಮ, ನಡುನಡುವೆ ನಿಲ್ಲಿಸಿಬಿಟ್ಟೆ?" ಎಂದು ಅಪ್ಪ ಕಣ್ಣು ತೆರೆದು ಕೇಳಿದರು.

"ನಿಲ್ಲಿಸಲಿಲ್ಲ ಅಪ್ಪ, ಮುಟ್ಟಿದೆ. ಎರಡೂ ಕಿರುಬೆರಳು."

ಸೋಮವಾರ ಆತ ಕಚೇರಿಗೆ ಅರ್ಧ ದಿನದ ರಜೆ ಹಾಕಿದರು. ತಂದೆಯವರೇ ಜೊತೆಗೆ ಹೊರಟರು. ಹೊರಡುವ ಮುನ್ನ ಹೊಸ್ತಿಲ ಬಳಿ ನಿಂತು, ತಮ್ಮ ಪಾದರಕ್ಷೆಗಳನ್ನು ಕೊಡವಿ ನೋಡಿ, ಮಗನ ಬೂಟುಗಳೊಳಗೂ ಕೈಯಾಡಿಸಿದರು.